ಫಿಲ್ಲಿಂಗ್‌ಗೆ ಮುನ್ನ ಹುಳುಕು ಹಲ್ಲಿಗೆ ಬೇವು, ಲವಂಗ, ಗುಳ್ಳದ ಹೊಗೆ: ಯಾವುದು ನಿಜ, ಯಾವುದು ಅಪಾಯ?

ಒಂದು ನಿಮಿಷದಲ್ಲಿ

ಹೇಳಿಕೆ: ಹುಳುಕು ಹಲ್ಲಿನ ಸೋಂಕನ್ನು ಗಿಡಮೂಲಿಕೆಯಿಂದ ಮನೆಯಲ್ಲೇ ತೆಗೆಯಬಹುದು. ಹೊಗೆ ಕೊಟ್ಟರೆ ಹಲ್ಲಿನ ಹುಳ ಉದುರಿ ಬೀಳುತ್ತದೆ, ದಂತವೈದ್ಯರ ಹತ್ತಿರ ಹೋಗುವ ಅಗತ್ಯವಿಲ್ಲ.

ನಮ್ಮ ತೀರ್ಮಾನ: ಬಹುಪಾಲು ತಪ್ಪು, ಒಂದು ಎಳೆ ಮಾತ್ರ ನಿಜ. ಬೇವು, ಲೋಳೆಸರ, ತ್ರಿಫಲಾದಂಥವುಗಳಿಗೆ ಬ್ಯಾಕ್ಟೀರಿಯಾ ಕೊಲ್ಲುವ ಗುಣ ಇರುವುದು ಹೌದು. ಅವುಗಳ ಮೇಲೆ ಕರ್ನಾಟಕದ ದಂತ ಕಾಲೇಜುಗಳಲ್ಲೂ ಸಂಶೋಧನೆ ನಡೆದಿದೆ. ಆದರೆ ಆ ಸಂಶೋಧನೆಯಲ್ಲಿ ದಂತವೈದ್ಯರು ಮೊದಲು ಹುಳುಕನ್ನು ಕೆರೆದು ತೆಗೆದಿರುತ್ತಾರೆ, ಕೊನೆಗೆ ಕುಳಿಯನ್ನು ಮುಚ್ಚಿರುತ್ತಾರೆ. ಮನೆಯಲ್ಲಿ ರಸ ಹಚ್ಚಿದರೆ ಈ ಎರಡೂ ಆಗುವುದಿಲ್ಲ. ಇನ್ನು ಹಲ್ಲಿನಿಂದ ಉದುರುವ ‘ಹುಳ’ ಹುಳವೇ ಅಲ್ಲ.

ಹರಿದಾಡುವ ಸಂದೇಶಗಳು ಏನು ಹೇಳುತ್ತವೆ?

ಹಲ್ಲುನೋವಿಗೆ ಮನೆಮದ್ದು ಹೇಳುವ ಸಂದೇಶ ಮತ್ತು ವಿಡಿಯೊಗಳು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಆಗಾಗ ತಿರುಗುತ್ತಲೇ ಇರುತ್ತವೆ. ಅವುಗಳಲ್ಲಿ ಮುಖ್ಯವಾಗಿ ಮೂರು ಬಗೆ. ಒಂದು, ಲವಂಗದ ಎಣ್ಣೆ, ಬೆಳ್ಳುಳ್ಳಿ ಅಥವಾ ಎಕ್ಕದ ಹಾಲನ್ನು ಹಲ್ಲಿನ ತೂತಿಗೆ ಹಾಕಿದರೆ ನೋವು ಮಾಯ ಎನ್ನುವುದು. ಎರಡು, ಗುಳ್ಳದ ಬೀಜದ ಹೊಗೆ ಕೊಟ್ಟು ಹುಳ ತೆಗೆಯುವ ವಿಡಿಯೊ. ಮೂರನೆಯದಕ್ಕೆ ಸ್ವಲ್ಪ ವಿಜ್ಞಾನದ ಬಣ್ಣ: ಫಿಲ್ಲಿಂಗ್‌ಗೆ ಮುನ್ನ ಡೆಂಟಿಸ್ಟ್ ಹಾಕುವ ಕೆಮಿಕಲ್‌ಗಿಂತ ಬೇವು, ಲೋಳೆಸರವೇ ಮೇಲು ಎಂದು ಸಂಶೋಧನೆ ಹೇಳಿದೆ, ಹಾಗಾಗಿ ನೀವೇ ಹಚ್ಚಿಕೊಳ್ಳಿ ಎನ್ನುವುದು.

ಚಿಂತಾಮಣಿ ತಾಲ್ಲೂಕಿನ ಅಂಬಾಜಿದುರ್ಗ ಹೋಬಳಿಯಂಥ ಕಡೆ ಇದು ಬರೀ ಕುತೂಹಲದ ವಿಷಯವಲ್ಲ. ಹಲ್ಲು ತೋರಿಸಬೇಕೆಂದರೆ ಒಂದು ದಿನದ ಕೂಲಿ ಬಿಡಬೇಕು, ಬಸ್ಸು ಹತ್ತಿ ಪೇಟೆಗೆ ಹೋಗಬೇಕು. ಅಷ್ಟರಲ್ಲಿ ಫೋನಿನಲ್ಲಿ ಒಂದು ಸುಲಭದ ದಾರಿ ಕಂಡರೆ ಯಾರಿಗಾದರೂ ಒಮ್ಮೆ ನೋಡೋಣ ಅನಿಸುತ್ತದೆ. ಆದ್ದರಿಂದಲೇ ಇದರಲ್ಲಿ ಎಷ್ಟು ನಿಜ, ಎಷ್ಟು ಅಪಾಯ ಎಂದು ಬಿಡಿಸಿ ನೋಡೋಣ.

ಹಲ್ಲು ಹುಳುಕಾಗುವುದು ಹೇಗೆ?

ನಾವು ತಿಂದ ಸಕ್ಕರೆ, ಬಿಸ್ಕತ್ತು, ಬ್ರೆಡ್‌ನಂಥ ಹಿಟ್ಟಿನ ಪದಾರ್ಥಗಳ ಉಳಿಕೆಯನ್ನು ಬಾಯಲ್ಲಿರುವ ಬ್ಯಾಕ್ಟೀರಿಯಾಗಳೂ ತಿನ್ನುತ್ತವೆ. ತಿಂದು ಆಮ್ಲವನ್ನು ಹೊರಹಾಕುತ್ತವೆ. ಹಲ್ಲಿನ ಮೇಲಿನ ಪಾಚಿಯಲ್ಲಿ ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಹೊರಗವಚವಾದ ಎನಾಮಲ್‌ನಿಂದ ಕ್ಯಾಲ್ಸಿಯಂ, ಫಾಸ್ಫೇಟ್ ಕರಗತೊಡಗುತ್ತವೆ. ಸ್ವಲ್ಪ ಹೊತ್ತು ಏನೂ ತಿನ್ನದಿದ್ದರೆ ಜೊಲ್ಲು ಆ ಆಮ್ಲವನ್ನು ತಣಿಸಿ, ಕಳೆದ ಖನಿಜವನ್ನು ಅಷ್ಟಿಷ್ಟು ಮರಳಿಸುತ್ತದೆ. ದಿನವಿಡೀ ಏನಾದರೂ ಸಿಹಿ ಬಾಯಾಡಿಸುತ್ತಿದ್ದರೆ ಆ ಬಿಡುವೇ ಸಿಗುವುದಿಲ್ಲ. ಕರಗುವುದೇ ಹೆಚ್ಚಾಗಿ ಕೊನೆಗೊಂದು ತೂತು ಬೀಳುತ್ತದೆ.

ಎನಾಮಲ್‌ಗೆ ನರವಿಲ್ಲ. ಹಾಗಾಗಿ ಹುಳುಕು ಅಲ್ಲಿರುವಷ್ಟು ದಿನ ನೋವೇ ಗೊತ್ತಾಗುವುದಿಲ್ಲ. ಅದರ ಒಳಗಿನ ಪದರ ಡೆಂಟಿನ್. ಇದರ ತುಂಬ ಕಣ್ಣಿಗೆ ಕಾಣದ ಸಣ್ಣ ಕೊಳವೆಗಳಿವೆ. ಒಂದು ಚದರ ಮಿಲಿಮೀಟರ್ ಜಾಗದಲ್ಲೇ ಸಾವಿರಾರು. ಹುಳುಕು ಇಲ್ಲಿಗೆ ಬಂದಾಗ ತಣ್ಣೀರು ಕುಡಿದರೆ ಜುಂ ಎನ್ನುತ್ತದೆ. ಇನ್ನೂ ಒಳಗೆ ರಕ್ತನಾಳ, ನರ ಇರುವ ಜೀವಂತ ತಿರುಳು. ಸೋಂಕು ಅಲ್ಲಿಗೆ ತಲುಪಿದರೆ ರಾತ್ರಿ ನಿದ್ದೆ ಕೆಡಿಸುವ ನೋವು.

ಇಷ್ಟು ಕೆಲಸ ಮಾಡುವುದು ಹುಳವಲ್ಲ, ಬ್ಯಾಕ್ಟೀರಿಯಾ ಮತ್ತು ಆಮ್ಲ ಎಂದು ವಿವರವಾಗಿ ತೋರಿಸಿದವರು ಬರ್ಲಿನ್‌ನಲ್ಲಿದ್ದ ಅಮೆರಿಕನ್ ದಂತವೈದ್ಯ ವಿಲ್ಲೋಬಿ ಮಿಲ್ಲರ್. ಅವರ ಪುಸ್ತಕ ಬಂದದ್ದು 1890ರಲ್ಲಿ. ಹುಳುಕಿನಲ್ಲಿ ದೊಡ್ಡ ಪಾತ್ರವಿರುವ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಎಂಬ ಬ್ಯಾಕ್ಟೀರಿಯಾವನ್ನು ಗುರುತಿಸಿದ್ದು 1924ರಲ್ಲಿ.

ಫಿಲ್ಲಿಂಗ್‌ಗೆ ಮುನ್ನ ಸೋಂಕು ತೆಗೆಯುವುದು ಎಂದರೇನು?

ನಮ್ಮ ಕಡೆ ‘ಹಲ್ಲಿಗೆ ಸಿಮೆಂಟು ಹಾಕಿಸೋದು’ ಎನ್ನುವ ಕೆಲಸದಲ್ಲಿ ಮೂರು ಹಂತಗಳಿವೆ. ಮೊದಲು, ಕೊಳೆತು ಮೆತ್ತಗಾದ ಭಾಗವನ್ನು ಕೆರೆದು ತೆಗೆಯುವುದು. ಬಳಿಕ, ಕೆಲವು ವೈದ್ಯರು ಉಳಿದ ಬ್ಯಾಕ್ಟೀರಿಯಾ ತಗ್ಗಿಸಲು ಕುಳಿಗೆ ಒಂದು ದ್ರಾವಣ ಹಚ್ಚುತ್ತಾರೆ. ಕೊನೆಗೆ, ಗಾಳಿ, ನೀರು, ಅನ್ನದ ಅಗುಳು ನುಸುಳದಂತೆ ಕುಳಿಯನ್ನು ಬಿಗಿಯಾಗಿ ಮುಚ್ಚುತ್ತಾರೆ.

ಶಿಡ್ಲಘಟ್ಟ, ಚಿಂತಾಮಣಿ ಕಡೆಯ ರೇಷ್ಮೆ ಬೆಳೆಗಾರರಿಗೆ ಇದು ಬೇಗ ಅರ್ಥವಾಗುತ್ತದೆ. ಒಂದು ಬೆಳೆ ಮುಗಿದ ಮೇಲೆ ಹುಳು ಮನೆಯಲ್ಲಿ ಉಳಿದ ಸೊಪ್ಪಿನ ಕಸ, ಹಿಕ್ಕೆ, ಸತ್ತ ಹುಳುಗಳನ್ನು ಮೊದಲು ಗುಡಿಸಿ ತೆಗೆಯುತ್ತಾರೆ. ತೊಳೆಯುತ್ತಾರೆ. ಆಮೇಲೆ ಬ್ಲೀಚಿಂಗ್ ಪೌಡರ್ ನೀರು ಸಿಂಪಡಿಸುತ್ತಾರೆ. ಕಸವನ್ನು ಹಾಗೇ ಬಿಟ್ಟು ಮೇಲೆ ಎಷ್ಟು ಔಷಧಿ ಹೊಡೆದರೂ ಮುಂದಿನ ಬೆಳೆಗೆ ರೋಗ ತಪ್ಪುವುದಿಲ್ಲ. ಹಲ್ಲಿನ ಕುಳಿಯೂ ಹಾಗೆಯೇ. ಗುಡಿಸದೆ ಸಿಂಪಡಿಸಿದರೆ ಪ್ರಯೋಜನವಿಲ್ಲ.

ದಂತವೈದ್ಯರು ಈ ಕೆಲಸಕ್ಕೆ ಸಾಮಾನ್ಯವಾಗಿ ಬಳಸುವುದು ಶೇ 2ರ ಕ್ಲೋರ್‌ಹೆಕ್ಸಿಡಿನ್. ಕೆಲವೊಮ್ಮೆ ಸೋಡಿಯಂ ಹೈಪೋಕ್ಲೋರೈಟ್ ಬಳಸುತ್ತಾರೆ. ಇದು ಹುಳು ಮನೆಯ ಬ್ಲೀಚಿಂಗ್ ಪೌಡರ್‌ನ ಹತ್ತಿರದ ಸಂಬಂಧಿ. ಅಂಗಡಿಯಲ್ಲಿ ಸಿಗುವ ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್‌ನಲ್ಲಿ ಅದರ ಪ್ರಮಾಣ ಸುಮಾರು ಶೇ 0.2 ಮಾತ್ರ. ಅಂದರೆ ಹತ್ತರಲ್ಲಿ ಒಂದು ಪಾಲು. ಆದ್ದರಿಂದ ಅದನ್ನು ಮುಕ್ಕಳಿಸಿದರೆ ಹುಳುಕು ಶುದ್ಧವಾಯಿತು ಎಂದುಕೊಳ್ಳುವುದೂ ತಪ್ಪು.

ಈ ನಡುವಿನ ಹಂತ ಎಲ್ಲರಿಗೂ ಕಡ್ಡಾಯವೇನಲ್ಲ ಎಂಬುದು ಮುಖ್ಯ. ಅಮೆರಿಕದಲ್ಲಿ ಮೆರ್ಟ್ಜ್ ಫೇರ್‌ಹರ್ಸ್ಟ್ ಮತ್ತು ಸಂಗಡಿಗರು ಹುಳುಕನ್ನು ಪೂರ್ತಿ ತೆಗೆಯದೆಯೇ, ಅದರ ಮೇಲೆ ಬಿಗಿಯಾಗಿ ಫಿಲ್ಲಿಂಗ್ ಮಾಡಿ 10 ವರ್ಷ ಗಮನಿಸಿದರು. 1998ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಮುಚ್ಚಿದ ಹುಳುಕು ಮುಂದುವರಿಯದೆ ನಿಂತಿತ್ತು. ಕಾರಣ ಸರಳ. ಹೊರಗಿನಿಂದ ಸಕ್ಕರೆ ಹೋಗದಿದ್ದರೆ ಒಳಗಿನ ಬ್ಯಾಕ್ಟೀರಿಯಾ ಹಸಿವಿನಿಂದ ಸೊರಗುತ್ತವೆ. ಹಾಗೆಂದರೆ ಹಲ್ಲನ್ನು ಉಳಿಸುವುದರಲ್ಲಿ ಹೆಚ್ಚಿನ ಪಾಲು ಬಿಗಿಯಾದ ಮುಚ್ಚಳದ್ದು. ಯಾವ ಮದ್ದು ಹಚ್ಚಿದರು ಎಂಬುದು ಆಮೇಲಿನ ಮಾತು.

ಗಿಡಮೂಲಿಕೆಗಳ ಮೇಲೆ ಸಂಶೋಧನೆ ನಡೆದಿದೆಯೇ?

ನಡೆದಿದೆ, ಸಾಕಷ್ಟು. ಲೋಳೆಸರ, ಬೇವು, ತುಳಸಿ, ಅರಿಶಿಣ, ತ್ರಿಫಲಾ, ಗ್ರೀನ್ ಟೀ ಮತ್ತು ಜೇನುಗೂಡಿನಲ್ಲಿ ಸಿಗುವ ಅಂಟಾದ ಪ್ರೊಪೊಲಿಸ್, ಇವೆಲ್ಲವನ್ನೂ ಪರೀಕ್ಷಿಸಿ ನೋಡಿದ್ದಾರೆ. ನಮ್ಮ ರಾಜ್ಯದ್ದೇ ಒಂದು ಉದಾಹರಣೆ ಇದೆ. ದಾವಣಗೆರೆಯ ಬಾಪೂಜಿ ದಂತ ವೈದ್ಯಕೀಯ ಕಾಲೇಜಿನ ಮಕ್ಕಳ ದಂತವೈದ್ಯರು ಹುಳುಕು ತೆಗೆದ ಹಲ್ಲಿನ ಕುಳಿಗಳಿಗೆ ಲೋಳೆಸರ ಮತ್ತು ಪ್ರೊಪೊಲಿಸ್ ಸಾರ ಹಚ್ಚಿ, ಹಚ್ಚುವ ಮುನ್ನ ಮತ್ತು ಹಚ್ಚಿದ ಮೇಲೆ ಬ್ಯಾಕ್ಟೀರಿಯಾ ಎಣಿಸಿದರು. 2015ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಎರಡೂ ಸಾರಗಳು ಬ್ಯಾಕ್ಟೀರಿಯಾವನ್ನು ತಗ್ಗಿಸಿದವು.

ಹಾಗಾದರೆ ಫಾರ್ವರ್ಡ್ ಹೇಳುವುದು ಸರಿಯೇ? ಇಲ್ಲಿ ನಾಲ್ಕು ಸಂಗತಿ ಗಮನಿಸಬೇಕು.

ಒಂದು: ಅಲ್ಲಿ ಬಳಸಿದ್ದು ತಯಾರಿಸಿದ ಸಾರ. ಹಿತ್ತಲ ಗಿಡದಿಂದ ಮುರಿದ ಎಲೆಯನ್ನು ಹಾಗೇ ತಂದು ಹಚ್ಚಿದ್ದಲ್ಲ. ಒಂದು ಗಿಡದಿಂದ ಇನ್ನೊಂದಕ್ಕೆ, ಒಂದು ಋತುವಿನಿಂದ ಇನ್ನೊಂದಕ್ಕೆ ಎಲೆಯಲ್ಲಿರುವ ಔಷಧೀಯ ಅಂಶದ ಪ್ರಮಾಣ ಬದಲಾಗುತ್ತದೆ. ಅನೇಕ ಸಾರಗಳನ್ನು ಆಲ್ಕೊಹಾಲ್‌ನಲ್ಲಿ ತೆಗೆಯುತ್ತಾರೆ. ಆಲ್ಕೊಹಾಲ್ ತಾನೇ ಬ್ಯಾಕ್ಟೀರಿಯಾ ಕೊಲ್ಲುವುದರಿಂದ, ಕೆಲಸ ಮಾಡಿದ್ದು ಗಿಡವೋ ಆಲ್ಕೊಹಾಲೋ ಎಂದು ಬೇರೆಯಾಗಿ ನೋಡಬೇಕಾಗುತ್ತದೆ.

ಎರಡು: ಈ ಬಗೆಯ ಬಹಳಷ್ಟು ಪರೀಕ್ಷೆಗಳು ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಇಲ್ಲವೇ ಕಿತ್ತ ಹಲ್ಲುಗಳ ಮೇಲೆ ನಡೆದಂಥವು. ತಟ್ಟೆಯಲ್ಲಿ ಜೊಲ್ಲು ಹರಿಯುವುದಿಲ್ಲ, ಯಾರೂ ಮುದ್ದೆ, ಸಾರು ಉಣ್ಣುವುದಿಲ್ಲ. ಮಕ್ಕಳ ಬಾಯಲ್ಲೇ ನಡೆದವುಗಳಲ್ಲಿ ಭಾಗವಹಿಸಿದವರ ಸಂಖ್ಯೆ ಸಾಮಾನ್ಯವಾಗಿ ಚಿಕ್ಕದು.

ಮೂರು: ಅವು ಅಳೆದದ್ದು ಹಚ್ಚಿದ ಕೂಡಲೇ ಎಷ್ಟು ಬ್ಯಾಕ್ಟೀರಿಯಾ ಉಳಿದವು ಎಂಬುದನ್ನು. ರೋಗಿಗೆ ಬೇಕಾದ ಉತ್ತರ ಬೇರೆ: ನನ್ನ ಫಿಲ್ಲಿಂಗ್ ಐದು ವರ್ಷ ನಿಲ್ಲುತ್ತದೆಯೇ, ಹಲ್ಲು ಉಳಿಯುತ್ತದೆಯೇ? ಬ್ಯಾಕ್ಟೀರಿಯಾ ಎಣಿಕೆ ಇದಕ್ಕೆ ನೇರ ಉತ್ತರ ಕೊಡುವುದಿಲ್ಲ. ಮೇಲಾಗಿ, ಕುಳಿಗೆ ಹಚ್ಚಿದ ಪದಾರ್ಥ ಫಿಲ್ಲಿಂಗ್‌ನ ಅಂಟಿಗೆ ಅಡ್ಡಿಯಾಗಬಾರದು, ಹಲ್ಲಿಗೆ ಬಣ್ಣ ಹಿಡಿಸಬಾರದು. ಅರಿಶಿಣದ ಬಣ್ಣ ಎಂಥದ್ದು ಎಂದು ಯಾರಿಗೂ ಹೇಳಬೇಕಾಗಿಲ್ಲ.

ನಾಲ್ಕು, ಎಲ್ಲಕ್ಕಿಂತ ಮುಖ್ಯವಾದದ್ದು: ಬಾಯಲ್ಲಿ ನಡೆದ ಇಂಥ ಅಧ್ಯಯನಗಳಲ್ಲಿ ಮೂಲಿಕೆ ನಡುವಿನ ಹಂತ ಮಾತ್ರ. ಕೆರೆದು ತೆಗೆದವರೂ ದಂತವೈದ್ಯರು, ಮುಚ್ಚಿದವರೂ ದಂತವೈದ್ಯರು. ‘ಕ್ಲೋರ್‌ಹೆಕ್ಸಿಡಿನ್ ಬದಲು ಲೋಳೆಸರ ಬಳಸಬಹುದೇ?’ ಎಂಬುದು ಸಂಶೋಧಕರ ಪ್ರಶ್ನೆಯಾಗಿತ್ತು. ‘ದಂತವೈದ್ಯರ ಬದಲು ಲೋಳೆಸರ ಸಾಕೇ?’ ಎಂದು ಅವರು ಕೇಳಲೇ ಇಲ್ಲ. ಫಾರ್ವರ್ಡ್ ಸಂದೇಶ ಮೊದಲ ಪ್ರಶ್ನೆಯ ಉತ್ತರವನ್ನು ಎರಡನೆಯದಕ್ಕೆ ಅಂಟಿಸಿಬಿಟ್ಟಿದೆ.

ಹೊಗೆ ಕೊಟ್ಟಾಗ ಉದುರುವ ಹುಳ ಯಾವುದು?

ಹಲ್ಲಿನೊಳಗೆ ಹುಳ ಇದೆ ಎಂಬ ನಂಬಿಕೆ ನಮ್ಮೂರಿಗೆ ಮಾತ್ರ ಸೇರಿದ್ದಲ್ಲ. ಪ್ರಾಚೀನ ಬ್ಯಾಬಿಲೋನಿಯಾದ ಮಣ್ಣಿನ ಫಲಕಗಳಲ್ಲೂ ಹಲ್ಲಿನ ಹುಳದ ಕಥೆಯಿದೆ. ಸುಶ್ರುತ ಸಂಹಿತೆ ವಿವರಿಸುವ ಹಲ್ಲಿನ ರೋಗವೊಂದರ ಹೆಸರೇ ಕೃಮಿದಂತಕ. ಕನ್ನಡದ ‘ಹುಳುಕು’ ಎಂಬ ಮಾತು ಕೇಳಿದರೂ ಹುಳವೇ ನೆನಪಾಗುತ್ತದೆ. ಕಣ್ಣಿಗೆ ಕಾಣದ ಜೀವಿಗಳನ್ನು ನೋಡುವ ಸಾಧನವಿಲ್ಲದ ಕಾಲದಲ್ಲಿ, ಮರ ಕೊರೆಯುವ ಹುಳದ ಹಾಗೆ ಹಲ್ಲನ್ನೂ ಏನೋ ಕೊರೆಯುತ್ತಿದೆ ಎಂದು ಊಹಿಸಿದ್ದು ಸಹಜವೇ.

ಆದರೆ ಕೆಂಡದ ಮೇಲೆ ಗುಳ್ಳದ ಬೀಜ ಹಾಕಿ, ಕೊಳವೆಯಿಂದ ಬಾಯಿಗೆ ಹೊಗೆ ಕೊಟ್ಟಾಗ ನೀರಿನ ಬಟ್ಟಲಿಗೆ ಬಿಳಿಯ ಸಣ್ಣ ಎಳೆಗಳು ಬೀಳುವುದು ಕಣ್ಣಾರೆ ಕಾಣುತ್ತದಲ್ಲ? ಕಾಣುತ್ತದೆ. ಅವು ಬೀಜದೊಳಗಿನ ಮೊಳಕೆಗಳು. ಗುಳ್ಳ, ಬದನೆ, ಟೊಮೆಟೊ ಇವೆಲ್ಲ ಒಂದೇ ಕುಟುಂಬ. ಇವುಗಳ ಬೀಜದೊಳಗೆ ಮೊಳಕೆ ಸುರುಳಿ ಸುತ್ತಿಕೊಂಡು ಕುಳಿತಿರುತ್ತದೆ. ಬಿಸಿಗೆ ಬೀಜ ಸಿಡಿದಾಗ ಅದು ಹೊರಗೆ ಬೀಳುತ್ತದೆ. ಬಿಳಿ ಬಣ್ಣ, ಬಾಗಿದ ಮೈ, ನೋಡಲು ಥೇಟ್ ಪುಟ್ಟ ಹುಳ.

ಯುರೋಪಿನಲ್ಲೂ ಇದೇ ಕುಟುಂಬದ ಹೆನ್‌ಬೇನ್ ಎಂಬ ಗಿಡದ ಬೀಜದಿಂದ ಇದೇ ರೀತಿ ಹುಳ ತೆಗೆಯುತ್ತಿದ್ದರು. 1728ರಲ್ಲಿ ಫ್ರಾನ್ಸಿನ ದಂತವೈದ್ಯ ಪಿಯೆರ್ ಫೋಶಾರ್, ತಮಗೆ ಹಲ್ಲಿನಲ್ಲಿ ಹುಳ ಕಾಣಲಿಲ್ಲ ಎಂದು ಬರೆದರು. 1757ರಲ್ಲಿ ಜರ್ಮನಿಯ ಯಾಕೋಬ್ ಕ್ರಿಶ್ಚಿಯನ್ ಶೇಫರ್ ಒಂದು ಪುಸ್ತಕವನ್ನೇ ಬರೆದು, ಈ ‘ಹುಳ’ಗಳು ಬೀಜದಿಂದ ಬಂದವು ಎಂದು ತೋರಿಸಿದರು. ಒಪ್ಪಿಸಲು ದೊಡ್ಡ ಯಂತ್ರವೇನೂ ಬೇಕಿಲ್ಲ: ಬೀಜ ಸುಡುವಾಗ ಹತ್ತಿರ ಯಾರ ಹಲ್ಲೂ ಇಲ್ಲದಿದ್ದರೂ ‘ಹುಳ’ ಬಂದೇ ಬರುತ್ತದೆ.

ಹೊಗೆ ಬಾಯಿ, ಗಂಟಲನ್ನು ಸುಡಬಹುದು. ಗುಳ್ಳದ ಬದಲು ಉಮ್ಮತ್ತಿ ಬೀಜ ಬಳಸಿದರಂತೂ ಪ್ರಾಣಕ್ಕೇ ಅಪಾಯ. ಅದರಲ್ಲಿ ಅಟ್ರೊಪಿನ್, ಸ್ಕೊಪೊಲಮಿನ್ ಎಂಬ ವಿಷಗಳಿವೆ. ಬಾಯಿ ಒಣಗುವುದು, ಕಣ್ಣು ಮಂಜಾಗುವುದು, ಎದೆ ಬಡಿತ ಏರುವುದು, ಬುದ್ಧಿ ಭ್ರಮಿಸುವುದು ಇದರ ಲಕ್ಷಣಗಳು.

ಲವಂಗ, ಬೆಳ್ಳುಳ್ಳಿ, ಎಕ್ಕದ ಹಾಲು: ಯಾವುದು ಪರವಾಗಿಲ್ಲ?

ಲವಂಗ: ಇದರಲ್ಲಿರುವ ಯುಜೆನಾಲ್ ನೋವು ಮಂಕಾಗಿಸುತ್ತದೆ. ದಂತವೈದ್ಯರೂ ಯುಜೆನಾಲನ್ನು ಜಿಂಕ್ ಆಕ್ಸೈಡ್ ಜೊತೆ ಕಲಸಿ ತಾತ್ಕಾಲಿಕ ಫಿಲ್ಲಿಂಗ್ ಮಾಡುತ್ತಾರೆ. ಆದ್ದರಿಂದ ಒಂದು ರಾತ್ರಿ ಕಳೆಯಲು ದೊಡ್ಡವರು ಹಲ್ಲಿನ ಬಳಿ ಒಂದು ಲವಂಗ ಇಟ್ಟುಕೊಂಡರೆ ತಪ್ಪೇನಿಲ್ಲ. ಆದರೆ ಅಪ್ಪಟ ಲವಂಗದ ಎಣ್ಣೆ ಒಸಡು, ಕೆನ್ನೆಯನ್ನು ಸುಡುತ್ತದೆ. ಚಿಕ್ಕ ಮಕ್ಕಳು ನುಂಗಿದರೆ ವಿಷ. ಇನ್ನೊಂದು ಸಂಗತಿ ಬಹಳ ಜನರಿಗೆ ಗೊತ್ತಿಲ್ಲ: ಹಲ್ಲಿನ ಬಣ್ಣದ ಕಾಂಪೊಸಿಟ್ ಫಿಲ್ಲಿಂಗ್ ಸರಿಯಾಗಿ ಗಟ್ಟಿಯಾಗುವುದಕ್ಕೆ ಯುಜೆನಾಲ್ ಅಡ್ಡಿ ಮಾಡುತ್ತದೆ. ನೀವು ಎಣ್ಣೆ ಹಾಕಿಕೊಂಡಿದ್ದರೆ ವೈದ್ಯರಿಗೆ ಮುಚ್ಚಿಡದೆ ಹೇಳಿ.

ಬೆಳ್ಳುಳ್ಳಿ: ಜಜ್ಜಿ ಒಸಡಿನ ಮೇಲೆ ಒತ್ತಿಟ್ಟುಕೊಂಡರೆ ಸುಟ್ಟ ಗಾಯ ಆಗುತ್ತದೆ. ಹಲ್ಲುನೋವಿನ ಜೊತೆಗೆ ಇನ್ನೊಂದು ನೋವು.

ಎಕ್ಕದ ಹಾಲು: ಬೇಡವೇ ಬೇಡ. ಇದು ಬಾಯಿಯ ಚರ್ಮವನ್ನು ಕೆರಳಿಸಿ ಹುಣ್ಣು ಮಾಡುತ್ತದೆ. ಕೈಗೆ ತಾಗಿದ್ದು ಕಣ್ಣಿಗೆ ಹೋದರೆ ಕಣ್ಣಿಗೂ ಹಾನಿ.

ಬೇವಿನ ಕಡ್ಡಿ: ನಿತ್ಯ ಹಲ್ಲುಜ್ಜಲು ಬಳಸುವವರು ಮೆತ್ತಗೆ ಅಗಿದು ಬಳಸಬಹುದು. ಆದರೆ ಬಿದ್ದ ತೂತನ್ನು ಅದು ತುಂಬುವುದಿಲ್ಲ.

ಉಪ್ಪುನೀರು: ಉಗುರುಬೆಚ್ಚಗಿನ ನೀರಿಗೆ ಉಪ್ಪು ಹಾಕಿ ಮುಕ್ಕಳಿಸುವುದು ಅಗ್ಗ, ಸುರಕ್ಷಿತ. ಸಿಕ್ಕಿಕೊಂಡ ಅನ್ನ ಹೊರಬಂದು ನೋವು ಸ್ವಲ್ಪ ತಗ್ಗುತ್ತದೆ.

‘ಹಚ್ಚಿದ ಮೇಲೆ ನೋವೇ ಹೋಯ್ತು’ ಎನ್ನುವವರ ಮಾತು ಸುಳ್ಳೇ?

ಸುಳ್ಳಲ್ಲ. ಆದರೆ ಅದಕ್ಕೆ ಕಾರಣ ಬೇರೆ ಇರಬಹುದು. ಸೋಂಕು ತಗುಲಿದ ತಿರುಳು ಕೊನೆಗೆ ಸಾಯುತ್ತದೆ. ನರ ಸತ್ತ ಮೇಲೆ ನೋವು ಥಟ್ಟನೆ ನಿಲ್ಲುತ್ತದೆ. ಅದೇ ವಾರ ಯಾವುದೋ ರಸ ಹಚ್ಚಿದ್ದರೆ ಕೀರ್ತಿ ಅದಕ್ಕೆ ಹೋಗುತ್ತದೆ. ಅಷ್ಟರಲ್ಲಿ ಸೋಂಕು ಸದ್ದಿಲ್ಲದೆ ಬೇರಿನ ತುದಿಗೆ ಇಳಿದಿರುತ್ತದೆ. ಕೆಲವು ತಿಂಗಳ ಬಳಿಕ ಕೀವು, ಊತ. ಸಣ್ಣ ಫಿಲ್ಲಿಂಗ್‌ನಲ್ಲಿ ಮುಗಿಯಬೇಕಿದ್ದ ಕೆಲಸ ಬೇರು ಚಿಕಿತ್ಸೆಗೋ ಹಲ್ಲು ಕೀಳಿಸುವುದಕ್ಕೋ ಹೋಗುತ್ತದೆ.

ಈ ಲಕ್ಷಣಗಳಿದ್ದರೆ ಒಂದು ದಿನವೂ ಕಾಯಬೇಡಿ: ಮುಖ ಅಥವಾ ದವಡೆಯ ಕೆಳಗೆ ಊತ, ಜ್ವರ, ಬಾಯಿ ತೆರೆಯಲಾಗದಿರುವುದು, ಜೊಲ್ಲು ನುಂಗಲು ಕಷ್ಟ, ಉಸಿರಾಟಕ್ಕೆ ತೊಂದರೆ. ದವಡೆಯ ಕೆಳಗಿನ ಸೋಂಕು ಗಂಟಲಿಗೆ ಹರಡಿದರೆ ಉಸಿರಿನ ದಾರಿಯೇ ಮುಚ್ಚಬಹುದು. ನುಂಗಲು, ಉಸಿರಾಡಲು ಕಷ್ಟವಾದರೆ ಹಲ್ಲಿನ ಕ್ಲಿನಿಕ್ ಹುಡುಕುತ್ತ ಕೂರದೆ ನೇರ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.

ನಮ್ಮ ಕಡೆಯ ಕಂದು ಕಲೆಗಳೆಲ್ಲ ಹುಳುಕೇ?

ಅಲ್ಲ. ಚಿಕ್ಕಬಳ್ಳಾಪುರ, ಕೋಲಾರ ಜಿಲ್ಲೆಗಳ ಹಲವೆಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂವರೆಗೆ ಇರಬಹುದು, ಬೇರೆ ನೀರು ಇಲ್ಲದಿದ್ದಾಗ 1.5 ಮಿಲಿಗ್ರಾಂವರೆಗೆ ಎಂದು ಭಾರತೀಯ ಮಾನಕ ಹೇಳುತ್ತದೆ. ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ, ಅಂದರೆ ಸುಮಾರು 8 ವರ್ಷದೊಳಗೆ, ಇದಕ್ಕಿಂತ ಹೆಚ್ಚು ಫ್ಲೋರೈಡ್ ಹೊಟ್ಟೆಗೆ ಹೋದರೆ ಹಲ್ಲಿನ ಮೇಲೆ ಸುಣ್ಣದಂಥ ಬಿಳಿ ಪಟ್ಟೆ ಅಥವಾ ಕಂದು ಕಲೆ ಮೂಡುತ್ತದೆ. ಇದು ಡೆಂಟಲ್ ಫ್ಲೋರೋಸಿಸ್. ಇದು ಸೋಂಕಲ್ಲ; ಬೇವು, ಹೊಗೆ, ನಿಂಬೆರಸ, ಇದ್ದಿಲು ಯಾವುದರಿಂದಲೂ ಹೋಗುವುದಿಲ್ಲ. ಉಜ್ಜಿ ಉಜ್ಜಿ ಎನಾಮಲ್ ಸವೆಸಿಕೊಳ್ಳುವುದಷ್ಟೇ ಲಾಭ. ಕಲೆಯೋ ಹುಳುಕೋ ಎಂದು ದಂತವೈದ್ಯರು ನೋಡಿ ಹೇಳಬೇಕು.

ಹಾಗಾದರೆ ಏನು ಮಾಡಬೇಕು?

ತಣ್ಣೀರಿಗೆ ಜುಂ ಎನ್ನುವ ಹಂತದಲ್ಲೇ ತೋರಿಸಿ. ಆಗ ಕೆಲಸ ಸಣ್ಣದು, ಖರ್ಚೂ ಕಡಿಮೆ. ತಾಲ್ಲೂಕು ಆಸ್ಪತ್ರೆಯಲ್ಲಿ ದಂತವೈದ್ಯರು ಯಾವ ದಿನ ಇರುತ್ತಾರೆ ಎಂದು ಮೊದಲೇ ವಿಚಾರಿಸಿಕೊಂಡರೆ ಒಂದು ದಿನದ ಕೂಲಿ ಉಳಿಯುತ್ತದೆ. ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನೂ ಕೇಳಬಹುದು. ದೊಡ್ಡ ಚಿಕಿತ್ಸೆ ಬೇಕಾದರೆ ಬೆಂಗಳೂರಿನ ಸರ್ಕಾರಿ ದಂತ ವೈದ್ಯಕೀಯ ಕಾಲೇಜು ಇದೆ.

ಡ್ರಿಲ್ ಯಂತ್ರದ ಸದ್ದಿಗೆ ಹೆದರುವವರಿಗೆ, ಅದರಲ್ಲೂ ಮಕ್ಕಳಿಗೆ, ಬೇರೆ ದಾರಿಯೂ ಇದೆ. ಕೈ ಉಪಕರಣದಿಂದಲೇ ಹುಳುಕು ಕೆರೆದು ಗ್ಲಾಸ್ ಅಯೊನೊಮರ್ ಎಂಬ ಸಿಮೆಂಟು ತುಂಬುವ ವಿಧಾನವನ್ನು 1980ರ ದಶಕದಲ್ಲಿ ಟಾಂಜಾನಿಯಾದಲ್ಲಿ ರೂಪಿಸಿದರು. ಕರೆಂಟ್ ಇಲ್ಲದ ಹಳ್ಳಿಗಳಿಗಾಗಿ ಹುಟ್ಟಿದ ಈ ವಿಧಾನ ಈಗ ಜಗತ್ತಿನೆಲ್ಲೆಡೆ ಬಳಕೆಯಲ್ಲಿದೆ. ದಾವಣಗೆರೆಯ ಅಧ್ಯಯನದಲ್ಲೂ ಇಂಥ ಸರಳ ಚಿಕಿತ್ಸೆಯೇ ಗಮನದಲ್ಲಿತ್ತು. ಹುಳುಕನ್ನು ನಿಲ್ಲಿಸುವ ಸಿಲ್ವರ್ ಡೈಅಮೈನ್ ಫ್ಲೋರೈಡ್ ಎಂಬ ದ್ರವವನ್ನು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿದೆ. ಅದು ಹುಳುಕಿನ ಜಾಗವನ್ನು ಕಪ್ಪಾಗಿಸುತ್ತದೆ, ಆದರೆ ಡ್ರಿಲ್ ಬೇಕಿಲ್ಲ. ನಿಮ್ಮ ಮಗುವಿಗೆ ಇವು ಹೊಂದುತ್ತವೆಯೇ ಎಂದು ಕೇಳಿ.

ದಿನಕ್ಕೆ ಎರಡು ಸಲ, ಅದರಲ್ಲೂ ರಾತ್ರಿ ಮಲಗುವ ಮುನ್ನ, ಫ್ಲೋರೈಡ್ ಇರುವ ಪೇಸ್ಟ್‌ನಿಂದ ಹಲ್ಲುಜ್ಜಿ. ನೀರಿನಲ್ಲಿ ಫ್ಲೋರೈಡ್ ಹೆಚ್ಚಿದ್ದರೆ ಪೇಸ್ಟ್ ಬೇಡವೇ ಎಂದು ಕೆಲವರು ಕೇಳುತ್ತಾರೆ. ಕಲೆ ಮೂಡುವುದು ನುಂಗಿದ ಫ್ಲೋರೈಡ್‌ನಿಂದ. ಮೂರು ವರ್ಷದೊಳಗಿನ ಮಕ್ಕಳಿಗೆ ಅಕ್ಕಿಕಾಳಿನಷ್ಟು, ಮೂರರಿಂದ ಆರು ವರ್ಷದವರಿಗೆ ಬಟಾಣಿಯಷ್ಟು ಪೇಸ್ಟ್ ಹಾಕಿ, ಉಗುಳಿಸಿ. ಫ್ಲೋರೈಡ್ ಹೆಚ್ಚಿರುವ ಊರಿನಲ್ಲಿ ಚಿಕ್ಕ ಮಕ್ಕಳಿಗೆ ಯಾವ ಪೇಸ್ಟ್ ಎಂದು ವೈದ್ಯರನ್ನು ಒಮ್ಮೆ ಕೇಳುವುದು ಒಳ್ಳೆಯದು. ಜೊತೆಗೆ ಶುದ್ಧೀಕರಿಸಿದ ನೀರು ಕುಡಿಸಿ.

ಗುಂಪಿನಲ್ಲಿ ಇಂಥ ವಿಡಿಯೊ ಬಂದರೆ ಹಾಕಿದ ಹಿರಿಯರ ಜೊತೆ ಜಗಳ ಬೇಡ. “ಅಜ್ಜಿ, ಲವಂಗ ಇವತ್ತು ರಾತ್ರಿಗೆ ಇಟ್ಕೊಳ್ಳಿ, ಬೆಳಿಗ್ಗೆ ಡಾಕ್ಟ್ರ ಹತ್ರ ಹೋಗಿ ಬರೋಣ” ಎಂದರೆ ಅವರ ಮಾತಿಗೂ ಮರ್ಯಾದೆ, ಹಲ್ಲಿಗೂ ಕ್ಷೇಮ.

ಹಂಚಿಕೊಳ್ಳಲು ನಾಲ್ಕು ಸಾಲು

ಹಲ್ಲಿನಿಂದ ಉದುರುವ ಹುಳ ಎಂದರೆ ಸುಟ್ಟ ಬೀಜದ ಮೊಳಕೆ.
ಬೇವು, ಲೋಳೆಸರ ಬ್ಯಾಕ್ಟೀರಿಯಾ ತಗ್ಗಿಸಬಹುದು, ಆದರೆ ಕೊಳೆತದ್ದನ್ನು ತೆಗೆಯಲಾರವು, ತೂತು ಮುಚ್ಚಲಾರವು.
ಎಕ್ಕದ ಹಾಲು, ಉಮ್ಮತ್ತಿ ಹೊಗೆ ಬೇಡವೇ ಬೇಡ.
ನೋವು ತಾನಾಗಿ ನಿಂತರೂ ಹಲ್ಲು ತೋರಿಸಿ. ಮುಖ ಊದಿಕೊಂಡರೆ ಅಂದೇ ಆಸ್ಪತ್ರೆಗೆ ಹೋಗಿ.